ಏಳು ಕಾರ್ಡಿನ ಗ್ಯಾರೇಜು

"ಮೇಡಮ್ಮ, ನೀವು ಪೇಪರ್‌ನಾಗೆ ಬರ್ದಿದ್ರಲ್ಲ, ಆ ಕಾರ್ಡು ಇಲ್ಲಿ ನಡೆಯಾಕಿಲ್ವಂತೆ."

ಬೆಳಗ್ಗೆ ಒಂಬತ್ತೂವರೆ ಇರಬೇಕು. ಮಂಡ್ಯದ ನಮ್ಮ ಶಾಲೆಯಲ್ಲಿ ಪ್ರಾರ್ಥನೆ ಮುಗಿದಿತ್ತು. ಎಂಟನೇ ಕ್ಲಾಸಿನ ಹಾಜರಿ ಪುಸ್ತಕ ಹಿಡಿದು ಸ್ಟಾಫ್ ರೂಮಿನಿಂದ ಹೊರಟಿದ್ದೆ. ಫೋನಿನಲ್ಲಿದ್ದವರು ಭಾಗ್ಯ. ಮದ್ದೂರಿನ ಗ್ಯಾರೇಜೊಂದರಲ್ಲಿ ಪೇಂಟರ್ ಆಗಿರುವ ಮರಿಸ್ವಾಮಿಯ ಹೆಂಡತಿ. ಗಂಡನನ್ನು ಕರೆದುಕೊಂಡು ಮಂಡ್ಯದ ಒಂದು ಖಾಸಗಿ ಆಸ್ಪತ್ರೆಗೆ ಬಂದಿದ್ದರು. ಹೊಟ್ಟೆನೋವು. ಆಪರೇಷನ್ ತಕ್ಷಣ ಆಗಬೇಕಂತೆ. ಕೌಂಟರಿನಲ್ಲಿ ಇನ್ಶೂರೆನ್ಸ್ ಕಾರ್ಡು ಕೊಟ್ಟರೆ, ಇದು ಚಾಲ್ತಿಯಲ್ಲಿಲ್ಲ ಎನ್ನುತ್ತಿದ್ದಾರಂತೆ.

"ಅದು ಹೇಗೆ ಇಲ್ಲ ಅಂತಾರೆ? ಅಲ್ಲೇ ಇರಿ, ಬಂದೆ" ಅಂದೆ.

ಅಂದ ದನಿಯಲ್ಲಿ ಎಷ್ಟು ಧೈರ್ಯವಿತ್ತು ಎಂದು ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಆ ಕಾರ್ಡಿನ ಬಗ್ಗೆ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಮೂರು ವರ್ಷದ ಹಿಂದೆ ಇದೇ ಜಾಗದಲ್ಲಿ ಬರೆದಿದ್ದೆ. ಮುತ್ತತ್ತಿಗೆ ಹೋಗಿ ಬರುವಾಗ ನಮ್ಮ ಹಳೇ ಕಾರು ಬಿಸಿಯಾಗಿ ಹೊಗೆ ಬಿಟ್ಟಿತ್ತು. ಹೇಗೋ ಎಳೆಸಿಕೊಂಡು ಮದ್ದೂರಿಗೆ ಬಂದು, ಹಳೇ ಹೈವೇ ಪಕ್ಕದ ಇಲಿಯಾಸ್ ಗ್ಯಾರೇಜು ಸೇರಿದ್ದೆವು. ರಿಪೇರಿ ಆಗುವವರೆಗೆ ನಾಲ್ಕು ಗಂಟೆ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದೆ. ಕೂತವಳಿಗೆ ಒಂದು ಸುದ್ದಿ ಸಿಕ್ಕಿತು (ಅಂಕಣ ಬರೆಯುವವರು ಎಲ್ಲಿ ಕೂತರೂ ಸುದ್ದಿ ಹುಡುಕುವ ಜಾತಿ). ಇಲಿಯಾಸ್ ತಮ್ಮ ಮೂವರು ಕೆಲಸಗಾರರಿಗೂ ಅವರ ಹೆಂಡತಿಯರಿಗೂ ಹೆಲ್ತ್ ಇನ್ಶೂರೆನ್ಸ್ ಮಾಡಿಸಿದ್ದರು. ಪ್ರೀಮಿಯಂ ಪೂರ್ತಿ ಗ್ಯಾರೇಜಿನದೇ. ಕೆಲಸಗಾರರ ಸಂಬಳದಿಂದ ಒಂದು ಪೈಸೆ ಹಿಡಿಯುತ್ತಿರಲಿಲ್ಲ.

ಗುಂಪು ಪಾಲಿಸಿಗೆ ಕನಿಷ್ಠ ಏಳು ಜನ ಬೇಕೆಂದು ಏಜೆಂಟ್ ಹೇಳಿದ್ದನಂತೆ. ಕೆಲಸಗಾರರು ಮೂವರು, ಅವರ ಹೆಂಡತಿಯರು ಮೂವರು, ಇಲಿಯಾಸ್ ಒಬ್ಬರು. ಏಳಾಯಿತು.

"ನಿಮ್ಮ ಮನೆಯವರು?" ಎಂದು ಕೇಳಿದ್ದೆ.

"ನಸೀಮಾನಾ? ಅವ್ಳಿಗೇನಾಯ್ತದೆ ಮೇಡಂ, ಗಟ್ಟಿ ಅವ್ಳೆ" ಎಂದು ನಕ್ಕಿದ್ದರು.

ಆ ನಗುವನ್ನೂ ಬರೆದೆ. ತ್ಯಾಗ ಅದು ಇದು ಅಂತ ದೊಡ್ಡ ಮಾತುಗಳನ್ನೂ ಸೇರಿಸಿದೆ. ಎಂಟನೆಯವಳ ಪ್ರೀಮಿಯಂ ಕಟ್ಟಲು ಅವರ ಕೈಯಲ್ಲಿ ಆಗುತ್ತಿಲ್ಲ ಎನ್ನುವುದು ಆ ನಗುವಿನಲ್ಲೇ ಇತ್ತಲ್ಲ, ಅದು ಮಾತ್ರ ನನಗೆ ಕಾಣಲಿಲ್ಲ. ನಸೀಮಾ ಅವರನ್ನು ಒಂದು ಮಾತು ಕೇಳಬೇಕು ಅನ್ನುವುದೂ ಹೊಳೆಯಲಿಲ್ಲ.

ಅಂಕಣ ಪ್ರಕಟವಾದ ಮೇಲೆ ಇಲಿಯಾಸ್‌ಗೆ ಹೆಸರು ಬಂತು. ಊರಿನ ಸಂಘವೊಂದು ಕರೆದು ಸನ್ಮಾನ ಮಾಡಿತು. ಮೈಸೂರು ಪೇಟ ಇಟ್ಟು, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ಮುಖ್ಯ ಅತಿಥಿ ಯಾರು ಅಂತೀರಿ? ನಾನೇ. ಪೇಂಟರ್ ಮರಿಸ್ವಾಮಿ ಮೊದಲ ಸಾಲಿನಲ್ಲಿ ಕೂತು, ಜೇಬಿನಿಂದ ಕಾರ್ಡು ತೆಗೆದು ಪಕ್ಕದವರಿಗೆ ತೋರಿಸುತ್ತಿದ್ದ.

ಇಷ್ಟು ಹಿನ್ನೆಲೆ ಇಟ್ಟುಕೊಂಡು ಆ ಬೆಳಗ್ಗೆ ನಾನು ಆಸ್ಪತ್ರೆಗೆ ಹೋದೆ.

ಮರಿಸ್ವಾಮಿ ಸ್ಟ್ರೆಚರಿನ ಮೇಲೆ ಮಂಡಿ ಮಡಿಚಿಕೊಂಡು ಮಲಗಿದ್ದ. ಮುಖದಲ್ಲಿ ಬಣ್ಣವೇ ಇರಲಿಲ್ಲ. ಆತನಿಗೆ ಹರ್ನಿಯಾ ಇತ್ತು. ಒಂದು ವರ್ಷದಿಂದ ಇತ್ತಂತೆ. ಹೊಟ್ಟೆಯ ಕೆಳಗೆ ಗಂಟು ಉಬ್ಬುವುದು, ಒತ್ತಿದರೆ ಒಳಗೆ ಹೋಗುವುದು. ಮದ್ದೂರಿನ ಡಾಕ್ಟರು ಆಗಲೇ ಆಪರೇಷನ್ ಮಾಡಿಸಿಕೋ ಅಂದಿದ್ದರು. "ಕಾರ್ಡ್ ಅದಲ್ಲ, ಕೆಲ್ಸ ಕಮ್ಮಿ ಇದ್ದಾಗ ಮಾಡಿಸ್ಕಂಡ್ರಾಯ್ತು" ಎಂದು ಮುಂದೂಡುತ್ತಾ ಬಂದಿದ್ದ. ಆ ದಿನ ಬೆಳಗಿನ ಜಾವ ಗಂಟು ಒಳಗೆ ಹೋಗಲಿಲ್ಲ. ಕರುಳು ಸಿಕ್ಕಿಕೊಂಡಿತ್ತು.

ವೈದ್ಯನಾಥಪುರದ ಮನೆಯಿಂದ ಮೊದಲು ಮದ್ದೂರಿಗೆ ಹೋಗಿದ್ದಾರೆ. ಅಲ್ಲಿಯ ಡಾಕ್ಟರು ಚೀಟಿ ಬರೆದು, ಮಂಡ್ಯದ ಸರ್ಕಾರಿ ದೊಡ್ಡಾಸ್ಪತ್ರೆಗೆ ಈಗಲೇ ಹೊರಡಿ ಅಂದಿದ್ದಾರೆ.

"ನಾನೇ ಬ್ಯಾಡ ಅಂದೆ ಕಣ್ ಮೇಡಮ್ಮ" ಎಂದರು ಭಾಗ್ಯ. "ಕಾರ್ಡ್ ಇಟ್ಕಂಡು ಅಲ್ಯಾಕೆ ಕ್ಯೂ ನಿಲ್ಲಾನ, ಒಳ್ಳೆ ಆಸ್ಪತ್ರೆಗೇ ಓಗಾನ ಅಂತ ಕಾರ್ ಮಾಡಿಸ್ಕಂಡು ಇಲ್ಲಿಗೆ ಬಂದೆ."

ಆಸ್ಪತ್ರೆಯವರು ಕೆಟ್ಟವರೇನಲ್ಲ. ಡ್ರಿಪ್ ಹಾಕಿದ್ದರು, ನೋವಿಗೆ ಇಂಜೆಕ್ಷನ್ ಕೊಟ್ಟಿದ್ದರು. ಆಪರೇಷನ್ನಿಗೆ ಮಾತ್ರ ಕಾರ್ಡು ಸರಿಯಿರಬೇಕು, ಇಲ್ಲವೇ ಅಡ್ವಾನ್ಸ್ ಕಟ್ಟಬೇಕು. ಕೌಂಟರಿನ ಹೆಣ್ಣುಮಗಳು ಕಂಪ್ಯೂಟರನ್ನು ನನ್ನ ಕಡೆಗೇ ತಿರುಗಿಸಿ ತೋರಿಸಿದಳು. ಪಾಲಿಸಿಯ ಅವಧಿ ಮುಗಿದು ತಿಂಗಳುಗಳೇ ಆಗಿದ್ದವು.

ನಾನು ಒಪ್ಪಲಿಲ್ಲ.

ಇಲಿಯಾಸ್‌ಗೆ ಫೋನ್ ಮಾಡಿದೆ, ಎತ್ತಲಿಲ್ಲ. ನಿಮ್ಮ ಸಿಸ್ಟಮ್ಮೇ ಸರಿಯಿಲ್ಲ ಅಂದೆ. ನಂಬರ್ ಇನ್ನೊಂದು ಸಲ ಹೊಡೆಯಿರಿ ಅಂದೆ. ಮ್ಯಾನೇಜರನ್ನು ಕರೆಸಿ ಅಂದೆ. ಮ್ಯಾನೇಜರ್ ಬಂದ. ಆ ಗ್ಯಾರೇಜಿನವರು ನನಗೆ ಗೊತ್ತು, ಅವರು ಅಂಥವರಲ್ಲ, ನಾನೇ ಪತ್ರಿಕೆಯಲ್ಲಿ ಬರೆದಿದ್ದೇನೆ ಅಂದೆ. ಇನ್ಶೂರೆನ್ಸ್ ಕಂಪನಿಯ ನಂಬರಿಗೆ ಫೋನ್ ಮಾಡಿ, ಒಂದು ಒತ್ತಿ ಎರಡು ಒತ್ತಿ ಅನ್ನುವುದನ್ನೆಲ್ಲ ಒತ್ತುತ್ತಾ ನಿಂತೆ. ನನ್ನ ಪರ್ಸಿನಲ್ಲಿ ಬ್ಯಾಂಕಿನ ಕಾರ್ಡಿತ್ತು. ಅಡ್ವಾನ್ಸಿಗೆ ಅದನ್ನು ಕೊಡಬಹುದಿತ್ತು. ಅಥವಾ ಆ ಕ್ಷಣವೇ ಆಂಬುಲೆನ್ಸ್ ಹತ್ತಿಸಿ ದೊಡ್ಡಾಸ್ಪತ್ರೆಗೆ ಕರೆದೊಯ್ಯಬಹುದಿತ್ತು. ಎರಡನ್ನೂ ಮಾಡದೆ ಒಂದು ಗಂಟೆಯ ಹತ್ತಿರ ವಾದ ಮಾಡಿದೆ. ಯಾಕೆ? ನಾನು ಬರೆದದ್ದು ಸುಳ್ಳಾಗುವುದು ನನಗೆ ಬೇಕಿರಲಿಲ್ಲ.

ಕೊನೆಗೆ ಇಲಿಯಾಸರೇ ಫೋನ್ ಮಾಡಿದರು.

"ಇಲಿಯಾಸ್, ಪಾಲಿಸಿ ರಿನ್ಯೂವಲ್ ಆಗಿದೆ ತಾನೆ?"

ಆ ಕಡೆ ಯಾರೋ ತಗಡು ಬಡಿಯುವ ಸದ್ದು.

"ಇಲ್ಲ ಮೇಡಂ. ಓದ್ವರ್ಸನೇ ನಿಂತೋಯ್ತು."

"ಮರಿಸ್ವಾಮಿಗೆ ಗೊತ್ತಾ?"

"ಯಾರ್ಗೂ ಯೋಳಿಲ್ಲ ಮೇಡಂ."

ಆಮೇಲಿನದು ಬೇಗ ಬೇಗ ನಡೆಯಿತು. ಆಂಬುಲೆನ್ಸಿನಲ್ಲಿ ದೊಡ್ಡಾಸ್ಪತ್ರೆಗೆ ಹೋದೆವು. ಅಲ್ಲಿ ಕ್ಯೂ ಇರಲಿಲ್ಲ. ಚೀಟಿ ನೋಡಿದವರೇ ನೇರ ಒಳಗೆ ಕರೆದುಕೊಂಡರು. ಎರಡೂವರೆ ಗಂಟೆ ಆಪರೇಷನ್. ಹೊರಗೆ ಬಂದ ಸರ್ಜನ್ ಜೀವಕ್ಕೆ ಭಯವಿಲ್ಲ ಅಂದರು. ಕರುಳಿನ ಒಂದು ತುಂಡು ಕಪ್ಪಾಗಿತ್ತು, ಕತ್ತರಿಸಿ ತೆಗೆಯಬೇಕಾಯಿತು.

"ಒಂದೆರಡು ಗಂಟೆ ಮುಂಚೆ ಬಂದಿದ್ರೆ ಉಳೀತಿತ್ತೇನೋ, ಗ್ಯಾರಂಟಿಯಾಗಿ ಹೇಳೋಕಾಗಲ್ಲ" ಅಂದರು.

ಆ ಎರಡು ಗಂಟೆಯಲ್ಲಿ ನನ್ನದು ಎಷ್ಟು ಎಂದು ಆ ದಿನ ನಾನು ಯಾರಿಗೂ ಹೇಳಲಿಲ್ಲ. ಇವತ್ತು ಹೇಳುತ್ತಿದ್ದೇನೆ.

ಅಷ್ಟು ಹೊತ್ತಿಗೆ ಇಲಿಯಾಸ್ ಮದ್ದೂರಿನಿಂದ ಬೈಕಿನಲ್ಲಿ ಬಂದಿದ್ದರು. ಕೈಯಲ್ಲಿ ಗ್ರೀಸು ಹಾಗೇ ಇತ್ತು. ಭಾಗ್ಯ ಅವರನ್ನು ನೋಡಿ ಎದ್ದು ನಿಂತರು. ಜಗಳವಾಗುತ್ತದೆ ಅಂದುಕೊಂಡೆ. ಆಕೆ ದನಿ ಏರಿಸಲೇ ಇಲ್ಲ.

"ಕಾರ್ಡ್ ಇಲ್ಲ ಅಂತ ಒಂದ್ ಮಾತ್ ಯೋಳ್ಬಾರ್ದಿತ್ತಾ ಅಣ್ಣ? ಇಲ್ಲ ಅಂದಿದ್ರೆ ಸೀದಾ ಇಲ್ಲಿಗೇ ಬತ್ತಿದ್ವಿ. ಓದ್ವರ್ಸನೇ ಬಂದು ಮಾಡಿಸ್ಕಂಡು ಓಯ್ತಿದ್ವಿ. ನಿನ್ನ ಬಯ್ತಿದ್ವಾ ನಾವು?"

ಇಲಿಯಾಸ್ ತಲೆ ತಗ್ಗಿಸಿಕೊಂಡು ನಿಂತಿದ್ದರು.

"ಇಪ್ಪತ್ತೊರ್ಸ ನಿನ್ ಅಂಗ್ಡೀಲಿ ದುಡ್ದವ್ನೆ. ಇದ್ರೆ ಅದೆ ಅನ್ನು, ಇಲ್ದಿದ್ರೆ ಇಲ್ಲ ಅನ್ನು. ನಮ್ಗೇನ್ ಹೊಸ್ದಾ ಇಲ್ಲ ಅನ್ನೋದು?"

ಆಮೇಲೆ ನನ್ನ ಕಡೆ ತಿರುಗಿದರು. "ನೀವು ಬರ್ದಿದ್ರಲ್ಲ ಮೇಡಮ್ಮ. ಅದ್ಕೇ ನಂಬ್ಕಂಬುಟ್ವಿ."

ನಾನು ಕಾಫಿ ತರುತ್ತೇನೆ ಎಂದು ಅಲ್ಲಿಂದ ಎದ್ದು ಹೋದೆ.

ಆಸ್ಪತ್ರೆ ಎದುರಿನ ಕ್ಯಾಂಟೀನಿಗೆ ಇಲಿಯಾಸ್ ನನ್ನ ಹಿಂದೆಯೇ ಬಂದರು. ಕೇಳದಿದ್ದರೂ ಹೇಳಿದರು. ಎರಡನೇ ವರ್ಷ ಗ್ಯಾರೇಜಿನ ಒಬ್ಬನಿಗೆ ಡೆಂಗ್ಯೂ ಆಯಿತು, ಇನ್ನೊಬ್ಬನ ಹೆಂಡತಿಗೆ ಗರ್ಭಕೋಶದ ಆಪರೇಷನ್ ಆಯಿತು. ಎರಡಕ್ಕೂ ಕಂಪನಿ ತಕರಾರಿಲ್ಲದೆ ದುಡ್ಡು ಕೊಟ್ಟಿತು. ಎಲ್ಲರೂ ಇಲಿಯಾಸರನ್ನು ಹೊಗಳಿದರು. ಮುಂದಿನ ರಿನ್ಯೂವಲ್ ಬಂದಾಗ ಪ್ರೀಮಿಯಂ ಹತ್ತಿರ ಹತ್ತಿರ ಎರಡರಷ್ಟಾಗಿತ್ತು.

ಇದು ಹೇಗೆ ಎಂದು ಆಮೇಲೆ ನಮ್ಮ ಮನೆ ಪಾಲಿಸಿ ಮಾಡಿಸಿದ ಏಜೆಂಟನ್ನು ಕೇಳಿದೆ. "ದೊಡ್ಡ ಕಂಪನೀಲಿ ಸಾವಿರ ಜನ ಇರ್ತಾರೆ, ಹತ್ತು ಜನ ಆಸ್ಪತ್ರೆ ಸೇರಿದ್ರೂ ಅಲ್ಲಿಗಲ್ಲಿಗೆ ಸರಿಹೋಗುತ್ತೆ ಮೇಡಂ. ಏಳೇ ಜನ ಇರೋ ಕಡೆ ಇಬ್ರು ಸೇರಿದ್ರೆ ಮುಗೀತು, ಮುಂದಿನ ವರ್ಷ ಏಟು ಬೀಳುತ್ತೆ" ಎಂದ. ಅಂದರೆ ಇನ್ಶೂರೆನ್ಸ್ ಇರುವುದು ಬಳಸಲಿಕ್ಕೆ, ಆದರೆ ಬಳಸಿದರೆ ಉಳಿಯುವುದಿಲ್ಲ. ಹತ್ತು ಜನ ಕೆಲಸಗಾರರಿರುವ ಕಡೆ ಸರ್ಕಾರದ ಕಾರ್ಮಿಕ ವಿಮೆ ಇಎಸ್ಐ ಇದೆ. ಮೂರು ಜನರಿರುವ ಗ್ಯಾರೇಜಿಗೆ, ಹೋಟೆಲಿಗೆ, ಟೈಲರ್ ಅಂಗಡಿಗೆ? ಮನೆಮಂದಿ ಸ್ವಂತಕ್ಕೆ ಮಾಡಿಸುವ ಪಾಲಿಸಿಗೆ ಜಿಎಸ್‌ಟಿ ತೆಗೆದರು ಎಂದು ಓದಿ ಖುಷಿಪಟ್ಟವಳು ನಾನು. ಇಂಥ ಗುಂಪು ಪಾಲಿಸಿಗೆ ಅದು ಹಾಗೇ ಇದೆಯಂತೆ.

ಅತ್ತ ಪ್ರೀಮಿಯಂ ಏರುವಾಗ ಇತ್ತ ಗ್ಯಾರೇಜಿನ ಸಂಪಾದನೆ ಇಳಿದಿತ್ತು. ಹೊಸ ಎಕ್ಸ್‌ಪ್ರೆಸ್ ಹೈವೇ ಬಂದ ಮೇಲೆ ಗಾಡಿಗಳು ಮದ್ದೂರಿನ ಒಳಗೆ ಬರುವುದೇ ಇಲ್ಲ. ನಾವೂ ಹೋಗುವುದಿಲ್ಲ (ಬೆಂಗಳೂರಿಗೆ ಬೇಗ ತಲುಪಿದೆವು ಎಂದು ನಾನೇ ಎಷ್ಟು ಸಲ ಸಂತೋಷಪಟ್ಟಿಲ್ಲ?). ಹಳೇ ರಸ್ತೆಯಲ್ಲಿ ಕೆಟ್ಟು ನಿಲ್ಲುವ ಕಾರುಗಳನ್ನೇ ನಂಬಿದ್ದ ಇಲಿಯಾಸ್‌ಗೆ ಈಗ ಊರಿನ ಆಟೋಗಳು, ಹಳ್ಳಿಯ ಗೂಡ್ಸ್ ಗಾಡಿಗಳು ಅಷ್ಟೇ.

"ಈ ತಿಂಗ್ಳು ಆಗ್ನಿಲ್ಲ, ಬರೋ ತಿಂಗ್ಳು ಕಟ್ಟಾನ ಅಂದ್ಕಂಡೆ ಮೇಡಂ. ಗ್ರೇಸ್ ಟೈಮೂ ಓಯ್ತು. ಅದಾದ್ಮೇಲೆ ಮರಿಸ್ವಾಮಿ ಒಂದಿನ ಕೇಳ್ದ. ಅಣ್ಣ, ಕಾರ್ಡ್ ರಿನೀವಲ್ ಆಯ್ತಾ ಅಂತ. ಆಯ್ತದೆ ಬುಡ್ಲಾ ಅಂದ್ಬುಟ್ಟೆ."

"ಯಾಕೆ ಹೇಳಲಿಲ್ಲ?"

ಕಾಫಿ ಲೋಟವನ್ನು ಎರಡು ಕೈಯಲ್ಲೂ ಹಿಡಿದುಕೊಂಡರು.

"ತಲೆ ಮ್ಯಾಲೆ ಪೇಟ ಇಕ್ಕುದ್ರಲ್ಲ ಮೇಡಂ. ಅಷ್ಟು ಜನದ್ ಮುಂದೆ. ಅಂಗ್ ಇಕ್ಕುಸ್ಕಂಡೋನು ನನ್ ಕೈಲಿ ಆಗಾಕಿಲ್ಲ ಅಂತ ಎಂಗ್ ಯೋಳ್ಲಿ?"

ಆಮೇಲೆ ಇನ್ನೊಂದು ಮಾತು ಹೇಳಿದರು. ಅದನ್ನು ಕೇಳಿದಾಗಿನಿಂದ ನನಗೆ ಸಮಾಧಾನವಿಲ್ಲ.

"ನಿಮ್ಗೆ ಒಂದ್ಸಲ ಫೋನ್ ಮಾಡಿದ್ದೆ. ನೆಪ್ಪದಾ?"

ನೆನಪಿತ್ತು. ಹೋದ ವರ್ಷದ ಮಾತು. ಒಂದು ಮಧ್ಯಾಹ್ನ ಫೋನ್ ಮಾಡಿ, "ಮೇಡಂ, ಒಂದ್ ಇಸ್ಯ ಮಾತಾಡ್ಬೇಕಾಗಿತ್ತು" ಅಂದಿದ್ದರು. ನಾನು ಅವರಿಗೆ ಮಾತಾಡಲು ಬಿಡಲಿಲ್ಲ. "ಇಲಿಯಾಸ್, ನೂರು ವರ್ಷ ನಿಮಗೆ. ಈಗಷ್ಟೇ ಕ್ಲಾಸಿನಲ್ಲಿ ಮಕ್ಕಳಿಗೆ ನಿಮ್ಮ ವಿಷಯ ಹೇಳಿ ಬಂದೆ. ದುಡಿಯುವವರನ್ನು ಹೇಗೆ ನೋಡಿಕೊಳ್ಳಬೇಕು ಅನ್ನುವುದಕ್ಕೆ ನಮ್ಮ ಮದ್ದೂರಿನ ಇಲಿಯಾಸ್ ಇದ್ದಾರೆ ಅಂದೆ" ಎಂದು ಒಂದೇ ಉಸಿರಿಗೆ ಒದರಿದ್ದೆ. "ಏನೋ ಹೇಳಬೇಕು ಅಂದಿರಲ್ಲ?" ಎಂದು ಕೇಳಿದ್ದಕ್ಕೆ, "ಏನಿಲ್ಲ ಬುಡಿ ಮೇಡಂ, ಕಾರ್ ಸರ್ವೀಸಿಗೆ ಬಂದಿಲ್ವಲ್ಲ ಅಂತ ಕೇಳುವಾ ಅಂತಿದ್ದೆ" ಅಂದಿದ್ದರು.

ಆ ದಿನ ನಾನು ಒಂದು ನಿಮಿಷ ಬಾಯಿ ಮುಚ್ಚಿಕೊಂಡಿದ್ದರೆ?

ಇಲಿಯಾಸ್ ಮಾಡಿದ್ದು ತಪ್ಪು. ಸಣ್ಣ ತಪ್ಪೂ ಅಲ್ಲ. ಒಬ್ಬನ ಕರುಳು ಹೋಯಿತು. ಹಾಗಂತ ಅವರ ಮುಖಕ್ಕೇ ಹೇಳಿದೆ, ಅವರೂ ಒಪ್ಪಿದರು. ಆದರೆ ಒಂದು ಯೋಚನೆ ಮಾತ್ರ ತಲೆಯಿಂದ ಹೋಗುತ್ತಿಲ್ಲ. ಮದ್ದೂರಿನಲ್ಲಿ, ಮಳವಳ್ಳಿಯಲ್ಲಿ, ನಮ್ಮ ಮಂಡ್ಯದಲ್ಲಿ ಇಂಥ ಅಂಗಡಿಗಳು ಎಷ್ಟಿಲ್ಲ? ಕೆಲಸಗಾರರಿಗೆ ಕಾರ್ಡು ಮಾಡಿಸಿದವರನ್ನು ಬೆರಳಲ್ಲಿ ಎಣಿಸಬಹುದು. ಮಾಡಿಸದವರನ್ನು ಯಾರೂ ಏನೂ ಕೇಳುವುದಿಲ್ಲ. ಅವರು ಆರಾಮಾಗಿದ್ದಾರೆ. ಎರಡು ವರ್ಷ ಮಾಡಿಸಿ, ಮೂರನೇ ವರ್ಷ ಕೈಸೋತವನು ಮಾತ್ರ ಮೋಸಗಾರ.

ಮತ್ತೆ ನಾನೇನು ಸಾಚಾನಾ? ನಮ್ಮ ಯಜಮಾನರದು ಪೇಟೆಬೀದಿಯಲ್ಲಿ ಸ್ಟೇಷನರಿ ಅಂಗಡಿ, ನನ್ನದು ಖಾಸಗಿ ಶಾಲೆಯ ಸಂಬಳ. ಅವರಿಗೆ ಅರವತ್ತು ದಾಟಿದ ವರ್ಷ ನಮ್ಮ ಪ್ರೀಮಿಯಂ ಕೂಡ ಜಿಗಿಯಿತು. ಕಟ್ಟಲಾಗದೆ ಪಾಲಿಸಿಯ ಮೊತ್ತವನ್ನೇ ಅರ್ಧಕ್ಕೆ ಇಳಿಸಿಕೊಂಡೆವು. ಮಳವಳ್ಳಿಗೆ ಮದುವೆಯಾಗಿ ಹೋಗಿರುವ ಮಗಳು ಫೋನಿನಲ್ಲಿ, "ಅಮ್ಮ, ಇನ್ಶೂರೆನ್ಸ್ ಎಲ್ಲ ಸರಿ ಇದೆ ತಾನೆ?" ಎಂದು ಕೇಳಿದಾಗ ನಾನು ಏನು ಹೇಳಿದೆ ಗೊತ್ತೆ? "ಎಲ್ಲ ಸರಿಯಾಗಿದೆ ಕಣೆ."

ಅವಳಿಗೆ ಮೊನ್ನೆ ನಿಜ ಹೇಳಿದೆ. ಅದಕ್ಕೆ ಅವಳು, "ನಮ್ಮದನ್ನೂ ಹೋದ ವರ್ಷ ನಿಲ್ಲಿಸಿದ್ವಿ ಅಮ್ಮ, ನಿನಗೆ ಯೋಚನೆ ಆಗುತ್ತೆ ಅಂತ ಹೇಳಲಿಲ್ಲ" ಅಂದಳು.

ಹನ್ನೆರಡು ದಿನಕ್ಕೆ ಮರಿಸ್ವಾಮಿಯನ್ನು ಮನೆಗೆ ಕಳಿಸಿದರು. ಭಾರ ಎತ್ತಬಾರದು, ಬಗ್ಗಿ ಕೆಲಸ ಮಾಡಬಾರದು. ಕಾರಿನ ಡೋರು ಬಾನೆಟ್ಟು ಎತ್ತಿಡುವ ಪೇಂಟರಿಗೆ ಇನ್ನೇನು ಉಳಿಯಿತು? ಇಲಿಯಾಸ್ ಪ್ರತಿ ಶನಿವಾರ ಸಂಜೆ ವೈದ್ಯನಾಥಪುರಕ್ಕೆ ಹೋಗಿ ಅರ್ಧ ಸಂಬಳ ಕೊಟ್ಟು ಬರುತ್ತಿದ್ದರು. ಭಾಗ್ಯ ಬಾಗಿಲಲ್ಲೇ ನಿಂತು ತೆಗೆದುಕೊಳ್ಳುತ್ತಿದ್ದರಂತೆ. ಕೂತ್ಕೊಳಣ್ಣ ಅನ್ನುತ್ತಿರಲಿಲ್ಲ. ಮೂರು ತಿಂಗಳಾದ ಮೇಲೆ, "ಇನ್ ಸಾಕು ಬುಡಣ್ಣ" ಎಂದು ಆಕೆಯೇ ನಿಲ್ಲಿಸಿದರು.

ಈಗ ಮರಿಸ್ವಾಮಿ ಚಿಕ್ಕರಸಿನಕೆರೆಯ ಬಸ್ ನಿಲ್ದಾಣದ ಹತ್ತಿರ ಪೆಟ್ಟಿಗೆ ಅಂಗಡಿ ಇಟ್ಟುಕೊಂಡು ನಂಬರ್ ಪ್ಲೇಟ್ ಬರೆಯುತ್ತಾನೆ. ಗಾಡಿಗಳ ಹಿಂದೆ ದೇವರ ಹೆಸರು, ಮಕ್ಕಳ ಹೆಸರು ಬರೆದುಕೊಡುತ್ತಾನೆ. ಹೋದ ಭಾನುವಾರ ಅಲ್ಲಿಗೆ ಹೋಗಿದ್ದೆ. ಕ್ಷಮೆ ಕೇಳಬೇಕಿತ್ತು. ಆಸ್ಪತ್ರೆಯ ಕೌಂಟರಿನಲ್ಲಿ ನಾನು ಕಳೆದ ಆ ಒಂದು ಗಂಟೆಯ ವಿಷಯ ಹೇಳಿದೆ.

"ಬುಡಿ ಮೇಡಂ, ನಮ್ಗೋಸ್ಕರ ತಾನೆ ಜಗಳ ಆಡಿದ್ದು" ಅಂದ, ಬ್ರಷ್ ಕೆಳಗಿಡದೆ.

"ಇಲಿಯಾಸ್ ಮೇಲೆ ಕೋಪ ಇದೆಯಾ?"

"ಪಾಲಿಸಿ ಕಟ್ನಿಲ್ಲ ಅಂತ ಕ್ವಾಪ ಇಲ್ಲ ಮೇಡಂ. ಎಲ್ಲಿಂದ ಕಟ್ಟಾನು, ಅಂಗ್ಡಿ ನಾನ್ ನೋಡಿಲ್ವಾ. ನಾನ್ ಕೇಳ್ದಾಗ ಆಯ್ತದೆ ಬುಡ್ಲಾ ಅಂದ್ನಲ್ಲ. ಅದೊಂದು ಮಾತ್ ವಟ್ಟೇಲಿ ಅಂಗೇ ಕುಂತದೆ. ಅದುನ್ನ ಯಾವ ಡಾಕ್ಟ್ರೂ ತಗ್ಯಾಕಾಗ್ನಿಲ್ಲ."

ಇಪ್ಪತ್ತು ವರ್ಷ ಒಂದೇ ಬುತ್ತಿಯಲ್ಲಿ ಉಂಡವರು. ಈಗ ಮಾತಿಲ್ಲ.

ಅಲ್ಲಿಂದ ಮದ್ದೂರಿಗೆ, ಗ್ಯಾರೇಜಿಗೆ ಹೋದೆ. ಉಳಿದ ಇಬ್ಬರು ಕೆಲಸಗಾರರನ್ನು ಕೂರಿಸಿ, ಕಾರ್ಡಿಲ್ಲ ಕಣ್ರಪ್ಪ ಎಂದು ಇಲಿಯಾಸ್ ಹೇಳಿಬಿಟ್ಟಿದ್ದಾರೆ. ಒಂದು ದಿನ ಶಟರ್ ಎಳೆದು, ರೇಷನ್ ಕಾರ್ಡು ಆಧಾರ್ ಎಲ್ಲ ಹಿಡಿಸಿ, ಅವರನ್ನೂ ಅವರ ಹೆಂಡತಿಯರನ್ನೂ ಕರೆದುಕೊಂಡು ಹೋಗಿ ಸರ್ಕಾರದ ಆರೋಗ್ಯ ಕಾರ್ಡು ಮಾಡಿಸಿದ್ದಾರೆ. ಈ ಸಲ ಕ್ಯೂನಲ್ಲಿ ನಸೀಮಾ ಕೂಡ ನಿಂತಿದ್ದರು.

ಇದನ್ನೆಲ್ಲ ಬರೆಯಲಾ ಎಂದು ಕೇಳಿದೆ. ಬೇಡ ಅನ್ನುತ್ತಾರೆ ಅಂದುಕೊಂಡಿದ್ದೆ. ಹೆಸರು ಬದಲಿಸುತ್ತೇನೆ ಅಂದೆ. ಇಲಿಯಾಸ್ ಒಂದು ಹಳೇ ಬಟ್ಟೆಗೆ ಕೈ ಒರೆಸಿಕೊಂಡರು.

"ಬರೀರಿ. ಎಸ್ರು ಬದ್ಲಾಯಿಸ್ಬೇಡಿ. ಒಳ್ಳೆವ್ನು ಅಂತಲೂ ಬರೀಬೇಡಿ, ಕೆಟ್ಟೋನು ಅಂತಲೂ ಬ್ಯಾಡ. ಕೈಲಾಗ್ನಿಲ್ಲ ಅಂತ ಬರೀರಿ ಮೇಡಂ, ಸಾಕು."

ಬರೆದಿದ್ದೇನೆ. ಆದರೂ ಕೇಳಬೇಕು ಅನ್ನಿಸುತ್ತಿದೆ: ನನ್ನ ಕೈಲಾಗಲಿಲ್ಲ ಎಂದು ಒಬ್ಬ ಮನುಷ್ಯ ತಲೆ ತಗ್ಗಿಸದೆ ಹೇಳುವಂಥ ಒಂದು ಜಾಗವನ್ನಾದರೂ ನಾವು ಈ ಊರುಗಳಲ್ಲಿ ಉಳಿಸಿದ್ದೇವೆಯೆ?